ಹೊರಗಿದ್ದ ದಿನಗಳ ಲೆಕ್ಕ

ಸಹಕಾರನಗರದಲ್ಲಿ ಅಮೆರಿಕದಿಂದ ವಾಪಸ್ ಬಂದವರು ರಸ್ತೆಗೊಬ್ಬರಾದರೂ ಸಿಗುತ್ತಾರೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲಂತೂ ಇಲ್ಲಿಂದ ಹೋಗಿಬರುವುದು ಸಲೀಸು. ಇವರ ಮಾತಿನಲ್ಲಿ ನಾನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಆಫೀಸ್ ಕೆಲಸಕ್ಕೆಂದು ದೇಶದ ಹೊರಗೆ ಕಳೆದ ದಿನಗಳು ಪೌರತ್ವದ ಲೆಕ್ಕದಲ್ಲಿ ಏನಾಗುತ್ತವೆ? ಐಟಿ ಕಾಲದ ತಲೆನೋವು ಅನ್ನಿಸುತ್ತೆ. ಆದರೆ ಇದಕ್ಕೆ ಇನ್ನೂರು ವರ್ಷ ದಾಟಿದೆ.

1813ರಲ್ಲಿ ಅಮೆರಿಕ ಬ್ರಿಟನ್ ಜೊತೆ ಯುದ್ಧದಲ್ಲಿತ್ತು. ಆ ವರ್ಷ ತನ್ನ ಹಡಗುಗಳಲ್ಲಿ ಯಾರು ದುಡಿಯಬಹುದು ಅನ್ನೋ ಬಗ್ಗೆ ಒಂದು ಕಾನೂನು ತಂದಿತು. ಅದರೊಳಗೇ ಒಂದು ಷರತ್ತು ಸೇರಿಕೊಂಡಿತು: ಪೌರತ್ವ ಬೇಕಾದ ವಿದೇಶಿಯ ಐದು ವರ್ಷ ಒಮ್ಮೆಯೂ ದೇಶದ ಗಡಿ ದಾಟಿರಬಾರದು. ಹಡಗಿನಲ್ಲಿ ದುಡಿಯುವವನಿಗೆ ಗಡಿ ದಾಟಬೇಡ ಅಂದರೆ! ಆ ಷರತ್ತು ಬಿದ್ದುಹೋಗಲು 1848 ಬರಬೇಕಾಯಿತು.

ಆಮೇಲೆ 'ವಾಸ' ಅಂದರೇನು ಅನ್ನೋದು ಕೋರ್ಟುಗಳ ಪಾಲಿಗೆ ಬಂತು. ಮನೆ ಇಲ್ಲಿದೆ, ಮರಳುವ ಮನಸ್ಸೂ ಇದೆ, ಅಷ್ಟು ಸಾಲದೇ? 1929ರ ಕಾನೂನು ಮನಸ್ಸನ್ನು ಬದಿಗಿಟ್ಟು ಕ್ಯಾಲೆಂಡರ್ ಹಿಡಿಯಿತು. ಆರು ತಿಂಗಳು ಮೀರಿ ಹೊರಗಿದ್ದರೆ ವಾಸ ಮುರಿಯಲಿಲ್ಲವೆಂದು ನೀವೇ ಸಾಬೀತು ಮಾಡಬೇಕು. ವರ್ಷ ತುಂಬಿದರೆ ಮುರಿದಂತೆಯೇ. ಆಗ ಭಾರತೀಯರಿಗೆ ಈ ಚಿಂತೆಯೂ ಇರಲಿಲ್ಲ. ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 1923ರಲ್ಲೇ ಬಾಗಿಲು ಹಾಕಿಬಿಟ್ಟಿತ್ತು. ಅದು ತೆರೆದದ್ದು 1946ರಲ್ಲಿ.

ಇಂದಿಗೂ ನಡೆಯುತ್ತಿರುವ 1952ರ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ. ಅಮೆರಿಕ ಸರ್ಕಾರಕ್ಕೋ, ಮಾನ್ಯತೆ ಪಡೆದ ಅಮೆರಿಕನ್ ಸಂಶೋಧನಾ ಸಂಸ್ಥೆಗೋ, ವಿದೇಶಿ ವ್ಯಾಪಾರ ನಡೆಸುವ ಅಮೆರಿಕನ್ ಕಂಪನಿಗೋ ಹೊರಗೆ ದುಡಿಯುವವರು, ಮೊದಲು ಒಂದು ವರ್ಷ ಬಿಡದೆ ಅಲ್ಲಿದ್ದರೆ, ತಮ್ಮ ವಾಸ ಮುರಿಯದಂತೆ ಅರ್ಜಿ ಹಾಕಿಕೊಳ್ಳಬಹುದು. ಈಗ ಗ್ರೀನ್ ಕಾರ್ಡ್ ಇರುವ ಇಬ್ಬರು ಎರಡು ವರ್ಷದ ಪ್ರಾಜೆಕ್ಟ್‌ಗೆಂದು ನಮ್ಮ ಮಾನ್ಯತಾ ಟೆಕ್ ಪಾರ್ಕಿಗೆ ಬಂದರು ಅಂತಿಟ್ಟುಕೊಳ್ಳಿ. ಒಬ್ಬರ ಸಂಬಳ ಅಮೆರಿಕನ್ ಕಂಪನಿಯದು, ಇನ್ನೊಬ್ಬರದು ಭಾರತದ ಕಂಪನಿಯದು. ಕೆಲಸ ಒಂದೇ, ಕ್ಯಾಂಟೀನಿನ ಕಾಫಿಯೂ ಒಂದೇ. ಮೊದಲನೆಯವರಿಗೆ ಅರ್ಜಿಯ ದಾರಿ ಇದೆ (ಆದರೂ ಐದು ವರ್ಷದಲ್ಲಿ ಮೂವತ್ತು ತಿಂಗಳು ಅಲ್ಲೇ ಇದ್ದಿರಬೇಕು), ಎರಡನೆಯವರಿಗೆ ಇಲ್ಲ. ನೀವು ಎಷ್ಟು ದಿನ ಹೊರಗಿದ್ದಿರಿ ಅನ್ನುವುದರ ಜೊತೆಗೆ ಯಾರಿಗಾಗಿ ಹೊರಗಿದ್ದಿರಿ ಅನ್ನುವುದನ್ನೂ ಕಾನೂನು ಕೇಳುತ್ತೆ. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ.

ನಮ್ಮಲ್ಲಿ ಈ ಪ್ರಶ್ನೆ ದೇಶ ವಿಭಜನೆಯ ಗಾಯದ ಮೂಲಕ ಬಂತು. 1947ರ ಮಾರ್ಚ್ 1ರ ನಂತರ ಪಾಕಿಸ್ತಾನಕ್ಕೆ ವಲಸೆ ಹೋದವರು ಭಾರತದ ಪೌರರಲ್ಲ ಅನ್ನುತ್ತದೆ ಸಂವಿಧಾನದ 7ನೇ ವಿಧಿ. ಹಾಗಾದರೆ ವಲಸೆ ಯಾವುದು, ಬರೀ ಪ್ರಯಾಣ ಯಾವುದು? 1966ರಲ್ಲಿ ಕುಲತ್ತಿಲ್ ಮಮ್ಮು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಲಸೆಗೆ ವಿಶಾಲ ಅರ್ಥವನ್ನೇ ಕೊಟ್ಟಿತು, ಆದರೆ ನಿರ್ದಿಷ್ಟ ಉದ್ದೇಶಕ್ಕೆ ಅಲ್ಪಾವಧಿಗೆ ಹೋಗಿ ಬರುವುದನ್ನು ಅದರಿಂದ ಹೊರಗಿಟ್ಟಿತು. ಕೆಲಸದ ಪ್ರಯಾಣಕ್ಕೆ ಒಂದಿಷ್ಟು ಜಾಗ ಸಿಕ್ಕಿತು.

1955ರ ಪೌರತ್ವ ಕಾಯ್ದೆಯಲ್ಲಿ ವಿದೇಶಿಯರಿಗೆ ಒಟ್ಟು ಐದು ವರ್ಷದ ವಾಸ ಸಾಕಿತ್ತು. ತಿದ್ದುಪಡಿಗಳಾಗಿ ಅದೀಗ ಹನ್ನೆರಡು. ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದು ವರ್ಷ ಬಿಡಿಬಿಡಿಯಾಗಿ ಕೂಡಿದರೂ ನಡೆಯುತ್ತೆ, ಆದರೆ ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಬಿಡದೆ ಇಲ್ಲೇ ಇರಬೇಕು. ಮೀಟಿಂಗಿಗೆಂದು ಸಿಂಗಪುರಕ್ಕೆ ಹೋಗಿಬಂದರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. 2015ರ ತಿದ್ದುಪಡಿ ಸ್ವಲ್ಪ ಸಡಿಲ ಮಾಡಿತು: ವಿಶೇಷ ಕಾರಣವಿದ್ದರೆ, ಕೇಂದ್ರ ಸರ್ಕಾರ ಅದನ್ನು ಬರಹದಲ್ಲಿ ದಾಖಲಿಸಿ, ಮೂವತ್ತು ದಿನದವರೆಗೆ ಮನ್ನಿಸಬಹುದು. ಆ ದಿನಗಳು ಬಿಡಿಬಿಡಿಯಾಗಿಯೂ ಇರಬಹುದು.

ಒಸಿಐ ಕಾರ್ಡಿನವರು ಐದು ವರ್ಷದ ನಂತರ ನೋಂದಣಿಯ ಮೂಲಕ ಮತ್ತೆ ಭಾರತದ ಪೌರರಾಗಬಹುದು. ಅವರಿಗೂ ಇದೇ ಹನ್ನೆರಡು ತಿಂಗಳು, ಇದೇ ಮೂವತ್ತು ದಿನ. ನಮ್ಮ ಪಕ್ಕದ ರಸ್ತೆಯ ಗೆಳತಿಯೊಬ್ಬಳು ಈ ಸಾಲಿನಲ್ಲಿದ್ದಾಳೆ. ಇಲ್ಲೇ ಹುಟ್ಟಿ ಬೆಳೆದವಳು, ಇಲ್ಲೇ ತೆರಿಗೆ ಕಟ್ಟುತ್ತಾಳೆ, ಓಟು ಮಾತ್ರ ಇಲ್ಲ. ಮೂರು ತಿಂಗಳಿಗೊಮ್ಮೆ ಎರಡು ವಾರ ಡಲ್ಲಾಸ್ ಕಚೇರಿಗೆ ಹೋಗೋದು ಅವಳ ಕೆಲಸದ ಭಾಗ. ಕೂಡಿಸಿದರೆ ವರ್ಷಕ್ಕೆ ಐವತ್ತಾರು ದಿನ. ಈ ಸಲ ಮ್ಯಾನೇಜರಿಗೆ ಹೇಳಿದ್ದಾಳೆ, ಬರುವ ವರ್ಷ ಎರಡೇ ಟ್ರಿಪ್ಪು ಅಂತ. ಉತ್ತರ ಇನ್ನೂ ಬಂದಿಲ್ಲ.