ಹೊಗೆಯೋ, ಮಂಜೋ? – ಅನುಮಾನದ ಒಂದು ಚರಿತ್ರೆ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ರೈಲು ನಿಲ್ದಾಣ ಸಹ್ಯಾದ್ರಿಯ ನೆತ್ತಿಯ ಮೇಲಿದೆ. 1961ರವರೆಗೆ ಇದರಾಚೆಗಿನದು ಪೋರ್ಚುಗೀಸರ ಗೋವಾ. ಇಲ್ಲಿಂದ ಹಳಿ ದೂಧಸಾಗರ ಜಲಪಾತವನ್ನು ಹಾದು, 37 ಮೀಟರಿಗೆ ಒಂದು ಮೀಟರಿನಷ್ಟು ಕಡಿದಾಗಿ ಘಾಟಿ ಇಳಿಯುತ್ತದೆ. ಉಗಿ ಎಂಜಿನ್ನುಗಳ ಕಾಲದಲ್ಲಿ ನೀವು ಇಲ್ಲಿ ನಿಂತಿದ್ದೀರಿ ಎಂದು ಭಾವಿಸಿ. ಕಣಿವೆಯ ಕಾಡಿನ ಮೇಲೆ ಬೆಳ್ಳಗೆ ಏನೋ ಏಳುತ್ತಿದೆ. ಅದು ಘಾಟಿ ಹತ್ತುತ್ತಿರುವ ಬಂಡಿಯ ಹೊಗೆಯೇ, ಕಾಡ್ಗಿಚ್ಚೇ, ಅಥವಾ ಬರಿಯ ಮಂಜೇ?

ಭಾರತೀಯ ತರ್ಕಶಾಸ್ತ್ರದ ಅತಿ ಪ್ರಸಿದ್ಧ ಉದಾಹರಣೆ ಇದೇ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ, ಅಡುಗೆಮನೆಯಲ್ಲಿ ಹೇಗೋ ಹಾಗೆ. ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಈ ಕ್ರಮಕ್ಕೆ 'ಅನುಮಾನ' ಎಂದು ಹೆಸರು. ಆಡುಗನ್ನಡದಲ್ಲಿ ನಾವು 'ನನಗೆ ಅನುಮಾನ' ಎಂದರೆ ಸಂಶಯವೆಂದೇ ಅರ್ಥ. ಶಾಸ್ತ್ರದಲ್ಲಿ ಅದು ಖಚಿತ ತಿಳಿವಿನ ಸಾಧನ! ಪದದ ಈ ತಿರುವು ವಿಚಿತ್ರವಾದರೂ ಅಷ್ಟೇನೂ ಅಸಂಬದ್ಧವಲ್ಲ.

ಹೊಗೆಯಿರುವಲ್ಲೆಲ್ಲ ಬೆಂಕಿಯಿದೆ ಎಂಬ ನಿಯತ ಸಂಬಂಧವೇ 'ವ್ಯಾಪ್ತಿ'. ಇದನ್ನು ತಿರುಗಿಸಿದರೆ ಕೆಡುತ್ತದೆ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆಯೂ ಬೇಕು. ಹೀಗೆ ಮರೆಯಲ್ಲಿ ನಿಂತ ಷರತ್ತನ್ನು ನೈಯಾಯಿಕರು 'ಉಪಾಧಿ' ಎಂದರು. ಇಂದಿನ ಪ್ರಯೋಗಶಾಲೆಯಲ್ಲಿ ಲೆಕ್ಕಕ್ಕೆ ಬಾರದೆ ಉಳಿದ ಚರಾಂಶವನ್ನು ಹುಡುಕುವವರು ಮಾಡುತ್ತಿರುವುದೂ ಉಪಾಧಿಯ ಹುಡುಕಾಟವನ್ನೇ. ಚಾರ್ವಾಕರದು ಇನ್ನೂ ಆಳದ ಆಕ್ಷೇಪ: ಎಲ್ಲ ಹೊಗೆಯನ್ನೂ ಯಾರು ನೋಡಿದ್ದಾರೆ? 1739ರಲ್ಲಿ ಡೇವಿಡ್ ಹ್ಯೂಮ್ ಯೂರೋಪಿನಲ್ಲಿ ಎತ್ತಿದ್ದು ಬಹುಮಟ್ಟಿಗೆ ಇದೇ ಪ್ರಶ್ನೆ.

13ನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು 'ಪ್ರಮಾಣಲಕ್ಷಣ' ಎಂಬ ಪುಟ್ಟ ಕೃತಿ ಬರೆದರು. ಪ್ರತ್ಯಕ್ಷ, ಅನುಮಾನ, ಆಗಮ – ಮೂರು ಸಾಧನಗಳಿಗೂ ಅವರು ಸೇರಿಸುವ ವಿಶೇಷಣ ಒಂದೇ: 'ನಿರ್ದೋಷ'. ಇಂದ್ರಿಯ ನಿರ್ದೋಷವಾಗಿರಬೇಕು, ಯುಕ್ತಿ ನಿರ್ದೋಷವಾಗಿರಬೇಕು, ಮಾತು ನಿರ್ದೋಷವಾಗಿರಬೇಕು. ಮುಂದಿನ ಶತಮಾನದಲ್ಲಿ ಜಯತೀರ್ಥರು 'ಪ್ರಮಾಣಪದ್ಧತಿ'ಯಲ್ಲಿ ಇದನ್ನು ವಿಸ್ತರಿಸಿದರು. ಅವರ ಉದ್ದೇಶ ವೇದಾಂತ, ಭೌತವಿಜ್ಞಾನವಲ್ಲ. ಪ್ರಾಚೀನರಿಗೆ ಎಲ್ಲವೂ ಗೊತ್ತಿತ್ತು ಎಂದು ಹೇಳುವ ಆಸೆ ನನಗಿಲ್ಲ. ಆದರೆ ದೋಷವಿಲ್ಲವೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದಲ್ಲಿ, ಕರ್ನಾಟಕದಲ್ಲೇ, ನೆಲದಡಿ 2.3 ಕಿಲೋಮೀಟರ್ ಆಳದಲ್ಲಿ ಮತ್ತೆ ಎದ್ದಿತು.

ಪ್ರೋಟಾನು ಶಾಶ್ವತವಲ್ಲ, ಅದೂ ಕ್ಷಯಿಸಬೇಕು ಎಂಬ ಸಿದ್ಧಾಂತವನ್ನು 1974ರಲ್ಲಿ ಜಾರ್ಜೈ ಮತ್ತು ಗ್ಲಾಶೋ ಮಂಡಿಸಿದರು. ಇದನ್ನು ಪರೀಕ್ಷಿಸಲು ಭಾರತ–ಜಪಾನ್ ವಿಜ್ಞಾನಿಗಳ ತಂಡವೊಂದು ಕೋಲಾರ ಚಿನ್ನದ ಗಣಿಯಲ್ಲಿ 140 ಟನ್ನಿನ ಸಂಸೂಚಕವನ್ನು ಕಟ್ಟಿತು. ಕಬ್ಬಿಣದ ಫಲಕಗಳು, ನಡುನಡುವೆ ಕಣಗಳ ಜಾಡು ಹಿಡಿಯುವ ಅನಿಲ ತುಂಬಿದ ಕೊಳವೆಗಳು. 1980ರ ಕೊನೆಗೆ ಅದು ಕೆಲಸ ಆರಂಭಿಸಿತು. ನೀವೇ ಲೆಕ್ಕ ಹಾಕಿ: 140 ಟನ್ನಿನಲ್ಲಿ ಪ್ರೋಟಾನು, ನ್ಯೂಟ್ರಾನುಗಳು ಒಟ್ಟು ಸುಮಾರು 8×10³¹. ಅವುಗಳ ಸರಾಸರಿ ಆಯಸ್ಸು 10³¹ ವರ್ಷವಾದರೆ ವರ್ಷಕ್ಕೆ ಎಂಟು ಕ್ಷಯಗಳು. ಗುರುತಿಗೆ ಸಿಗುವುದು ಅದಕ್ಕೂ ಕಡಿಮೆ.

ಕೆಲವೇ ತಿಂಗಳುಗಳಲ್ಲಿ, ಸಂಸೂಚಕದ ಒಳಗೇ ಹುಟ್ಟಿ ಒಳಗೇ ಮುಗಿದ ಕೆಲವು ಜಾಡುಗಳು ದೊರೆತವು. ಹೊಗೆ ಕಂಡಿತು. ತಂಡ ಅವನ್ನು ಪ್ರೋಟಾನ್ ಕ್ಷಯದ ಸಂಭಾವ್ಯ ಘಟನೆಗಳೆಂದು ಪ್ರಕಟಿಸಿತು. ಲೋಕದ ಕಣ್ಣು ಕೋಲಾರದತ್ತ ಹೊರಳಿತು.

ಮಂಜು ಎಲ್ಲಿತ್ತು? ಮೇಲಿನಿಂದ ಬರುವ ವಿಶ್ವಕಿರಣಗಳ ಮ್ಯುಯಾನುಗಳನ್ನು ಬಂಡೆ ಬಹುತೇಕ ತಡೆಯುತ್ತದೆ. ಆಳಕ್ಕೆ ಇಳಿದದ್ದೇ ಅದಕ್ಕಾಗಿ. ಆದರೆ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಯಾವ ಬಂಡೆಯೂ ತಡೆಯದು. ನ್ಯೂಟ್ರಿನೋ ಒಮ್ಮೊಮ್ಮೆ ಸಂಸೂಚಕದೊಳಗೇ ಡಿಕ್ಕಿ ಹೊಡೆದು ಪ್ರೋಟಾನ್ ಕ್ಷಯವನ್ನೇ ಹೋಲುವ ಜಾಡು ಮೂಡಿಸಬಲ್ಲದು. ವಿಪರ್ಯಾಸವೆಂದರೆ, ವಾಯುಮಂಡಲದ ನ್ಯೂಟ್ರಿನೋಗಳ ಕುರುಹನ್ನು 1965ರಲ್ಲಿ ಜಗತ್ತಿಗೆ ಮೊದಲು ತೋರಿಸಿದವುಗಳಲ್ಲಿ ಒಂದು ಇದೇ ಗಣಿ. ಬೆರಳೆಣಿಕೆಯ ಘಟನೆಗಳಲ್ಲಿ ಯಾವುದು ಹೊಗೆ, ಯಾವುದು ಮಂಜು ಎಂದು ಹೇಳುವುದು ಸುಲಭವಲ್ಲ. ಅಮೆರಿಕ ಮತ್ತು ಜಪಾನಿನಲ್ಲಿ ಸಾವಿರಾರು ಟನ್ ನೀರಿನ ತೊಟ್ಟಿಗಳಲ್ಲಿ ನಡೆದ ಪ್ರಯೋಗಗಳು ಕೋಲಾರದ ಸೂಚನೆಯನ್ನು ಸಮರ್ಥಿಸಲಿಲ್ಲ. ಪ್ರೋಟಾನು ಪಾಸಿಟ್ರಾನು ಮತ್ತು ತಟಸ್ಥ ಪಯಾನಾಗಿ ಒಡೆಯುವುದಾದರೆ ಅದರ ಆಯಸ್ಸು 2.4×10³⁴ ವರ್ಷಕ್ಕಿಂತ ಹೆಚ್ಚಿರಬೇಕು ಎಂದು ಜಪಾನಿನ ಸೂಪರ್ ಕಮಿಯೊಕಾಂಡೆ ತಂಡ 2020ರಲ್ಲಿ ತಿಳಿಸಿತು.

ಕೋಲಾರದ ತಂಡವನ್ನು ಆತುರಗಾರರೆನ್ನುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಜಾಡುಗಳು ನಿಜ, ಉಪಕರಣ ಸರಿಯಾಗಿತ್ತು, ಇಂದ್ರಿಯದಲ್ಲಿ ದೋಷವಿರಲಿಲ್ಲ. ಸಂದೇಹವಿದ್ದದ್ದು ವ್ಯಾಪ್ತಿಯಲ್ಲಿ. ಇಂಥ ಜಾಡು ಇರುವಲ್ಲೆಲ್ಲ ಕ್ಷಯ ಇದ್ದೇ ಇದೆಯೇ? ಅದಕ್ಕೆ ಉತ್ತರ ಆ 140 ಟನ್ ಕಬ್ಬಿಣದಿಂದ ಬರಲು ಸಾಧ್ಯವಿರಲಿಲ್ಲ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಪ್ರೋಟಾನ್ ಕ್ಷಯಕ್ಕೆಂದೇ ತೊಟ್ಟಿ ಕಟ್ಟಿದ್ದ ಜಪಾನೀಯರು ಮಾತ್ರ ಮಂಜನ್ನು ಒರೆಸಿಹಾಕದೆ ಅದನ್ನೇ ಅಳೆಯುತ್ತ ಹೋದರು. ಮ್ಯುಯಾನ್ ನ್ಯೂಟ್ರಿನೋಗಳ ಸಂಖ್ಯೆ ಲೆಕ್ಕಕ್ಕಿಂತ ಕಡಿಮೆಯಿತ್ತು. ಅವು ದಾರಿಯಲ್ಲಿ ಬೇರೊಂದು ಬಗೆಯ ನ್ಯೂಟ್ರಿನೋಗಳಾಗಿ ಮಾರ್ಪಡುತ್ತವೆ ಎಂದು 1998ರಲ್ಲಿ ಪ್ರಕಟವಾಯಿತು. 2015ರ ನೊಬೆಲ್ ಪಾರಿತೋಷಕದಲ್ಲಿ ತಕಾಕಿ ಕಜಿತ ಅವರಿಗೆ ಪಾಲು ದೊರೆತದ್ದು ಇದಕ್ಕಾಗಿ.