ಎಣಿಕೆಗೆ ಸಿಕ್ಕಿದ್ದು ಕಾಡತೂಸು ಮಾತ್ರ

ಯಲಬುರ್ಗಾ ಠಾಣೆಯಲ್ಲಿ ಹವಾಲ್ದಾರರಾಗಿದ್ದ ನಮ್ಮಪ್ಪ ವರ್ಷಕ್ಕೊಮ್ಮೆ ಫೈರಿಂಗ್ ಅಭ್ಯಾಸಕ್ಕೆ ಹೋಗುತ್ತಿದ್ದರು. ಮಣ್ಣಿನ ದಿಬ್ಬಕ್ಕೆ ಕಾಗದದ ಗುರಿ. ಹೊಟ್ಟೆ ಮೇಲೆ ಮಲಗಿ ತ್ರೀ ನಾಟ್ ತ್ರೀ ರೈಫಲ್ಲಿನಿಂದ ಗುಂಡು ಹಾರಿಸುವುದು. ಆಮೇಲೆ ಖಾಲಿ ಕಾಡತೂಸುಗಳನ್ನು ಆಯ್ದು, ಎಣಿಸಿ, ಆರ್ಮರಿಗೆ ಒಪ್ಪಿಸಬೇಕು. ಒಂದು ಕಡಿಮೆ ಬಿದ್ದರೂ ಇಡೀ ತಂಡ ಹುಲ್ಲಿನಲ್ಲಿ ಹುಡುಕುತ್ತಿತ್ತು. “ಗುರಿ ತಪ್ಪಿದ್ರ ನಡೀತೈತಿ, ಕಾಡತೂಸು ತಪ್ಪಿದ್ರ ನಡ್ಯಾಂಗಿಲ್ಲ” ಅನ್ನುತ್ತಿದ್ದರು.

ಈ ಕಟ್ಟುನಿಟ್ಟಿನ ಬೇರು ಆಯುಧ ಜನರ ಕೈ ಸೇರೀತೆಂಬ ಆಳುವವರ ಹಳೆಯ ಭಯದಲ್ಲಿದೆ ಎಂದು ನನಗನ್ನಿಸುತ್ತದೆ. 1857ರಲ್ಲಿ ಹಲಗಲಿಯ ಬೇಡರು ಬ್ರಿಟಿಷರಿಗೆ ಆಯುಧ ಒಪ್ಪಿಸಲು ಒಲ್ಲೆವೆಂದು ಎದ್ದರು. ಮರುವರ್ಷ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆ ಹಿಡಿದು ಅಲ್ಲೇ ಮಡಿದ. ಯಲಬುರ್ಗಾ ಆಗ ಹೈದರಾಬಾದಿನ ನಿಜಾಮರ ಸೀಮೆಯಲ್ಲಿ ಸಾಲಾರಜಂಗರ ಜಹಗೀರಾಗಿತ್ತು. 1947-48ರಲ್ಲಿ ಗಜೇಂದ್ರಗಡ, ಮುಂಡರಗಿ ಶಿಬಿರಗಳಿಂದ ನಿಜಾಮರ ಆಳ್ವಿಕೆಯ ವಿರುದ್ಧದ ಹೋರಾಟಗಾರರು ಗಡಿ ದಾಟಿ ಬರುತ್ತಿದ್ದಾಗ, ಬಂದೂಕು ಯಾರ ಕೈ ಸೇರೀತು ಎಂಬುದೇ ಸರ್ಕಾರದ ಚಿಂತೆ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಎಣಿಕೆಯ ರೂಢಿ ಮಾತ್ರ ಹಾಗೇ ಉಳಿಯಿತು.

1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದಾಗ ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಪೊಲೀಸರ ಗುಂಡಿಗೆ ಬಿದ್ದರು. ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಸುದ್ದಿ ತಂದವರನ್ನು ಅಪ್ಪ ಕೇಳಿದ್ದು ಒಂದೇ: “ಎಷ್ಟ್ ಹೆಜ್ಜಿ ದೂರಿಂದ ಹೊಡದ್ರು?” ಯಾರ ಬಳಿಯೂ ಉತ್ತರವಿರಲಿಲ್ಲ. ಅಪ್ಪ ಕಲಿತದ್ದು ಅಲುಗಾಡದ ಕಾಗದಕ್ಕೆ ಹೊಡೆಯುವುದನ್ನು. ಕಲ್ಲು ಬೀಳುವ ಬೀದಿಯಲ್ಲಿ, ಉಸಿರು ಸಿಕ್ಕಿಕೊಂಡಾಗ, ಹೊಡೆಯದೆ ನಿಲ್ಲುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಗುಂಪಿನ ಮೇಲೆ ಬಲ ಬಳಸುವ ಮಾದರಿ ನಿಯಮಗಳು 1964ರಲ್ಲೇ ಬಂದಿದ್ದವು: ಮೊದಲು ಎಚ್ಚರಿಕೆ, ಹಾರಿಸಲೇಬೇಕಾದರೆ ಕೆಳಕ್ಕೆ ಗುರಿ. ನಿಯಮವನ್ನು ಬಾಯಿಪಾಠ ಮಾಡಿದರೆ ಕೈಗೆ ಬರುವುದಿಲ್ಲ.

ಅಪ್ಪನಂಥದೇ ಪ್ರಶ್ನೆಯನ್ನು ಬೇರೆ ಕಡೆ ಕೇಳಿಕೊಂಡವರಿದ್ದಾರೆ. ನ್ಯೂಯಾರ್ಕ್ ಪೊಲೀಸರು 1969ರಿಂದ ತಮ್ಮವರು ಗುಂಡು ಹಾರಿಸಿದ ಪ್ರತಿ ಘಟನೆಯನ್ನೂ ವಿವರವಾಗಿ ಬರೆದಿಡತೊಡಗಿದರು: ಎಷ್ಟು ದೂರ, ಬೆಳಕು ಹೇಗಿತ್ತು, ಎಷ್ಟು ಗುಂಡು. ಹೆಚ್ಚಿನವು ಕೆಲವೇ ಅಡಿಗಳ ಅಂತರದಲ್ಲಿ, ಗುರಿ ನೋಡಲೂ ಪುರಸತ್ತಿಲ್ಲದೆ ನಡೆದಿದ್ದವು. ತರಬೇತಿ ಬದಲಾಯಿತು, 1972ರಲ್ಲಿ ಯಾವಾಗ ಹಾರಿಸಬಾರದು ಎಂಬ ನಿಯಮವೂ ಬಿಗಿಯಾಯಿತು. ಅಲ್ಲಿ 1971ರಲ್ಲಿ ಪೊಲೀಸರ ಗುಂಡಿಗೆ ಸತ್ತವರು 93 ಜನ, 2010ರಲ್ಲಿ 8. ಇಳಿತಕ್ಕೆ ಬೇರೆ ಕಾರಣಗಳೂ ಇದ್ದಾವು, ಆದರೆ ಆ ಬರವಣಿಗೆಯ ಪಾಲು ದೊಡ್ಡದೆಂದೇ ನಾನು ನಂಬಿದ್ದೇನೆ.

ನಮ್ಮಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಎಷ್ಟು ಸಲ ಗೋಲಿಬಾರ್, ಎಷ್ಟು ಸಾವು, ಎಷ್ಟು ಗಾಯ ಎಂದು ಲೆಕ್ಕ ಕೊಟ್ಟಿದೆ. ಅಪ್ಪನ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗದು. ನರಗುಂದದ 28 ವರ್ಷಗಳ ನಂತರ, 2008ರ ಜೂನ್‌ನಲ್ಲಿ, ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗುಂಡು ಹಾರಿತು. ಮತ್ತೆ ರೈತರು ಸತ್ತರು. ಆದೇಶ ಯಾರದು, ಎಚ್ಚರಿಕೆಯ ಮಾತು ಗುಂಪಿಗೆ ಕೇಳಿಸಿತೇ, ಅಶ್ರುವಾಯು ಕೈಯಲ್ಲಿತ್ತೇ, ಮೊದಲ ಗುಂಡಿಗೂ ಕೊನೆಯ ಗುಂಡಿಗೂ ನಡುವೆ ಎಷ್ಟು ಹೊತ್ತು: ಪ್ರತಿ ಗೋಲಿಬಾರಿನ ಈ ವಿವರಗಳು ವಿಚಾರಣಾ ವರದಿಯ ಕಟ್ಟಿನಿಂದ ಹೊರಬಂದು, ಕಲಬುರಗಿಯ ನಾಗನಹಳ್ಳಿ ತರಬೇತಿ ಕಾಲೇಜಿನಲ್ಲಿ ಹೊಸ ಹುಡುಗರ ಮುಂದೆ ಪಾಠವಾಗಬೇಕು. ಬಂದೂಕು ಕೈಗೆ ಕೊಡುವ ಮೊದಲೇ.