ದೊಡ್ಡ ಸ್ವಾಮಿಯವರ ಹಾದಿಯಲ್ಲಿ ಒಂದು ದಿನ

ಗುರುಮಠದಲ್ಲಿ ಜೊತೆಯಾಗಿ ಓದಿದ ನಾವು ಮೂವರು ಗುರುಗಳು, ನಮ್ಮೊಡನೆ ಇತಿಹಾಸದ ಮೇಷ್ಟ್ರೊಬ್ಬರು. ಬೇಸಿಗೆ ಆರಂಭದ ಒಂದು ಸೋಮವಾರ ಬೆಳಗಿನ ಬಲಿಪೂಜೆ ಮುಗಿಸಿಕೊಂಡು ಮೈಸೂರಿನಿಂದ ಹೊರಟೆವು. ಈ ನೆಲದಲ್ಲಿ ಧರ್ಮಸಭೆಗಾಗಿ ದುಡಿದ ಹಿರಿಯರ ಹೆಜ್ಜೆಗುರುತುಗಳನ್ನು ಒಂದು ದಿನದ ಮಟ್ಟಿಗಾದರೂ ಅರಸಿ ನೋಡಬೇಕೆಂಬುದು ನಮ್ಮ ಬಹುದಿನದ ಆಸೆಯಾಗಿತ್ತು.

ಮೊದಲು ಶ್ರೀರಂಗಪಟ್ಟಣದ ಗಂಜಾಂ. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಕರೆತಂದದ್ದು ಈ ದ್ವೀಪಕ್ಕೆ. 1799ರಲ್ಲಿ ಪಟ್ಟಣ ಬ್ರಿಟಿಷರ ವಶವಾದ ಮೇಲೆ, ಚದುರಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಪ್ಯಾರಿಸ್ ವಿದೇಶ ಮಿಷನ್ನಿನ ಗುರು ಅಬ್ಬೆ ದ್ಯುಬುವಾ. 1792ರಲ್ಲಿ ಭಾರತಕ್ಕೆ ಬಂದ ಅವರು ಇಲ್ಲಿಯವರಂತೆಯೇ ಉಟ್ಟರು, ಇಲ್ಲಿಯವರಂತೆಯೇ ಉಂಡರು. ಜನರು ಅವರನ್ನು ಪ್ರೀತಿಯಿಂದ ‘ದೊಡ್ಡ ಸ್ವಾಮಿಯವರು’ ಎಂದು ಕರೆದರು.

“ಇವರೇ ಇಲ್ಲಿಗೆ ಮೊದಲಿಗರೇನು ಮೇಷ್ಟ್ರೇ?” ಎಂದು ನಮ್ಮಲ್ಲೊಬ್ಬರು ಕೇಳಿದರು.

“ಇಲ್ಲ ಫಾದರ್. 1640ರ ದಶಕದ ಕೊನೆಯಲ್ಲೇ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರು ಇಲ್ಲಿಗೆ ಬಂದು, ಕನ್ನಡ ಕಲಿತು, ಮೈಸೂರು ಮಿಷನ್ನಿಗೆ ತಳಪಾಯ ಹಾಕಿದ್ದರು. 1773ರಲ್ಲಿ ಯೇಸುಸಭೆಯನ್ನೇ ರದ್ದುಪಡಿಸಿದಾಗ ಆ ಗದ್ದೆ ಒಕ್ಕಲಿಲ್ಲದೆ ಉಳಿಯಿತು. ದ್ಯುಬುವಾ ಉಳುಮೆ ಮಾಡಿದ್ದು ಅದನ್ನೇ” ಎಂದರು ಮೇಷ್ಟ್ರು.

ಮಧ್ಯಾಹ್ನ ಹಾಸನದಲ್ಲಿ ಊಟ ಮುಗಿಸಿ ಸಾತಳ್ಳಿಯತ್ತ ನಡೆದೆವು. ನೆಲೆ ತಪ್ಪಿದ ಕ್ರೈಸ್ತ ಕುಟುಂಬಗಳಿಗಾಗಿ ದ್ಯುಬುವಾ ಬೇಸಾಯದ ನೆಲೆಯೊಂದನ್ನು ಕಟ್ಟಿದ್ದು ಇಲ್ಲಿ. ಬರಿಯ ಉಪದೇಶದಿಂದ ಹೊಟ್ಟೆ ತುಂಬದೆಂಬುದನ್ನು ಅವರು ಬಲ್ಲವರಾಗಿದ್ದರು. ಸಿಡುಬು ಊರೂರುಗಳನ್ನು ಬರಿದು ಮಾಡುತ್ತಿದ್ದ ಆ ಕಾಲದಲ್ಲಿ, ಲಸಿಕೆಯು ಭಾರತಕ್ಕೆ ಬಂದು ಎರಡು ವರ್ಷವೂ ತುಂಬುವ ಮುನ್ನ, 1803-04ರಲ್ಲಿ ಅವರ ಪ್ರಯತ್ನದಿಂದ 25 ಸಾವಿರಕ್ಕೂ ಹೆಚ್ಚು ಜನರು ಲಸಿಕೆ ಪಡೆದರು.

ದಾರಿಯಲ್ಲಿ ಮಾತು ಅವರ ಪ್ರಸಿದ್ಧ ಗ್ರಂಥದತ್ತ ಹೊರಳಿತು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಆ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಆದರೆ ಅದರ ಬಹುಭಾಗ ಯೇಸುಸಭೆಯ ಫಾದರ್ ಕೂರ್ದೂ ಅವರ ಹಳೆಯ ಹಸ್ತಪ್ರತಿಯನ್ನು ಆಧರಿಸಿದ್ದೆಂದು 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ ತೋರಿಸಿಕೊಟ್ಟರು. ಮೇಷ್ಟ್ರು ಇದನ್ನು ಹೇಳಿದಾಗ ನನ್ನ ಮನಸ್ಸಿಗೆ ಕಸಿವಿಸಿಯಾಯಿತು. ಗುರುಮಠದ ದಿನಗಳಿಂದ ನಾನು ಆದರಿಸಿದ ವ್ಯಕ್ತಿ ಅವರು. “ಲಸಿಕೆ ಹಾಕಿಸಿದ ಕೈಯೇ ಇನ್ನೊಬ್ಬರ ಬರಹಕ್ಕೆ ತನ್ನ ಹೆಸರಿಟ್ಟಿತೇ?” ಎಂದೆ. ಹಿರಿಯ ಗೆಳೆಯರು ಮೆಲ್ಲನೆ ನುಡಿದರು: “ಎರಡೂ ನಿಜ. ಒಂದರಿಂದ ಇನ್ನೊಂದನ್ನು ಮುಚ್ಚಬೇಡಿ.”

ಸಂಜೆ ಶೆಟ್ಟಿಹಳ್ಳಿ ತಲುಪಿದೆವು. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ ದೇವಾಲಯವದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದ ಮೇಲೆ ಊರು ಬೇರೆಡೆಗೆ ಹೋಯಿತು, ದೇವಾಲಯ ಅಲ್ಲೇ ನಿಂತಿತು. ಮಳೆಗಾಲದಲ್ಲಿ ಮುಳುಗುವುದು, ಬೇಸಿಗೆಯಲ್ಲಿ ಮೇಲೇಳುವುದು ಅದರ ಬಾಳು. ಚಾವಣಿಯಿಲ್ಲದ ಗೋಡೆಗಳ ನಡುವೆ ನಿಂತಾಗ, ದ್ಯುಬುವಾ ಇಲ್ಲಿಂದ ಹೊರಟ ಬಗೆ ನೆನಪಾಯಿತು. 31 ವರ್ಷ ದುಡಿದು 1823ರಲ್ಲಿ ಸ್ವದೇಶಕ್ಕೆ ಮರಳಿದ ಅವರು, ಭಾರತದಲ್ಲಿ ಕ್ರೈಸ್ತಧರ್ಮಕ್ಕೆ ಭವಿಷ್ಯವಿಲ್ಲವೆಂದು ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ಬರೆದರು. 1848ರಲ್ಲಿ ಕಣ್ಣುಮುಚ್ಚಿದರು.

ಸೋತೆನೆಂದು ತಿಳಿದವರು ಬಿತ್ತಿದ ನೆಲದಲ್ಲಿ ಇಂದಿಗೂ ಪ್ರಾರ್ಥನೆಯ ದನಿ ಕೇಳುತ್ತದೆ. ಧರ್ಮಕೇಂದ್ರದ ಲೆಕ್ಕಪತ್ರ ಬರೆಯುವಾಗ ನಾವೂ ಎಷ್ಟೋ ಸಲ ಕೈಚೆಲ್ಲುತ್ತೇವೆ. ನಮಗಿಂತ ಮುಂಚೆ ಉತ್ತವರನ್ನು ಎಷ್ಟೋ ಸಲ ಹೆಸರಿಸದೆ ಮರೆಯುತ್ತೇವೆ. ದೊಡ್ಡ ಸ್ವಾಮಿಯವರ ಈ ಎರಡು ತಪ್ಪುಗಳೂ ನಮ್ಮವೇ. ಅವರ ಪರಿಶ್ರಮವೂ ನಮ್ಮದಾದೀತೇ?

ಹೊತ್ತು ಮುಳುಗುವಾಗ ಆ ಗೋಡೆಗಳ ನಡುವೆ ನಾಲ್ವರೂ ಕೂಡಿ ಸಂಜೆಯ ಪ್ರಾರ್ಥನೆ ಹೇಳಿದೆವು. ಚಿನ್ನಮಿ, ಕೂರ್ದೂ, ದ್ಯುಬುವಾ: ಮೂವರ ಹೆಸರನ್ನೂ ಅದರಲ್ಲಿ ಸೇರಿಸಿದೆವು.